ಖಾಲಿ ರಾತ್ರಿಯ ಲೆಕ್ಕ

ನಮಸ್ಕಾರ ಕೇಳುಗರೇ.

ರೇಡಿಯೋ ಕೇಳುವವರಿಗೆ ಖುಷಿಯಾಗುವ ಸಂಗತಿಯೊಂದನ್ನು ಮೊದಲು ಹೇಳಿಬಿಡುತ್ತೇನೆ. 1962ರ ಮಾರ್ಚ್ 2ರ ರಾತ್ರಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹರ್ಷಿ ಎಂಬ ಚಿಕ್ಕ ಊರಿನಲ್ಲಿ ವಿಲ್ಟ್ ಚೇಂಬರ್ಲಿನ್ ಒಂದೇ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ 100 ಅಂಕ ಗಳಿಸಿದರು. ಅವರ ತಂಡ ಫಿಲಡೆಲ್ಫಿಯಾ ವಾರಿಯರ್ಸ್ 169, ಎದುರಾಳಿ ನ್ಯೂಯಾರ್ಕ್ ನಿಕ್ಸ್ 147. ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಆಟದಲ್ಲಿ ಆ ನೂರನ್ನು ಮತ್ತೆ ಯಾರೂ ಮುಟ್ಟಿಲ್ಲ. ಇಷ್ಟು ದೊಡ್ಡ ಆಟದ ಒಂದು ಚೂರು ವಿಡಿಯೋ ಕೂಡ ಇಲ್ಲ. ಟೀವಿಯವರು ಬಂದೇ ಇರಲಿಲ್ಲ. ಉಳಿದಿರುವುದು ಕೆಲವು ಫೋಟೋ, ಮತ್ತೆ ಕೊನೆಯ ಕಾಲುಭಾಗದ ರೇಡಿಯೋ ವೀಕ್ಷಕ ವಿವರಣೆ. ಬಿಲ್ ಕ್ಯಾಂಪ್‌ಬೆಲ್ ಎಂಬುವರ ದನಿ. ಆ ಧ್ವನಿಮುದ್ರಣವನ್ನು ಅಮೆರಿಕದ ಸಂಸತ್ತಿನ ಗ್ರಂಥಾಲಯ, ನಾಡು ಕಾಪಾಡಿಕೊಳ್ಳಬೇಕಾದ ಧ್ವನಿಗಳ ಪಟ್ಟಿಗೆ ಸೇರಿಸಿಕೊಂಡಿದೆ.

ಆ ಫೋಟೋಗಳಲ್ಲಿ ಒಂದನ್ನು ನೀವೂ ನೋಡಿರಬಹುದು. ಉದ್ದನೆಯ ಮನುಷ್ಯ, ಕೈಯಲ್ಲಿ ಒಂದು ಹಾಳೆ, ಅದರ ಮೇಲೆ ಕೈಯಲ್ಲೇ ಬರೆದ 100. ಬಟ್ಟೆ ಬದಲಿಸುವ ಕೋಣೆಯಲ್ಲಿ ತೆಗೆದದ್ದು.

ಆದರೆ ಇವತ್ತು ನಾನು ಮಾತಾಡಬೇಕೆಂದಿರುವುದು ಚೇಂಬರ್ಲಿನ್ ಬಗ್ಗೆ ಅಲ್ಲ, ಆ ಕಟ್ಟಡದ ಬಗ್ಗೆ. ಅದು ಬಾಸ್ಕೆಟ್‌ಬಾಲ್‌ಗೆಂದು ಕಟ್ಟಿದ್ದೇ ಅಲ್ಲ. ಐಸ್ ಹಾಕಿಗೆ ಕಟ್ಟಿದ್ದು. ವಾರಿಯರ್ಸ್ ತಂಡದವರು ಬೇರೆ ಊರುಗಳಲ್ಲೂ ಅಭಿಮಾನಿಗಳು ಸಿಗಲಿ ಎಂದು ವರ್ಷಕ್ಕೆ ಕೆಲವು ಪಂದ್ಯಗಳನ್ನು ಹೀಗೆ ಹೊರಗೆ ಆಡುತ್ತಿದ್ದರು. ಹರ್ಷಿಯ ಅರೇನಾದಲ್ಲಿ ಆ ದಿನ ಹಾಕಿ ಇರಲಿಲ್ಲ. ಬಾಸ್ಕೆಟ್‌ಬಾಲ್ ಬಂತು. ಏಳು ಸಾವಿರಕ್ಕೂ ಹೆಚ್ಚು ಸೀಟಿನ ಜಾಗದಲ್ಲಿ ಬಂದವರು 4,124 ಜನ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಹರ್ಷಿ ಎಂದ ಕೂಡಲೇ ಚಾಕೊಲೇಟ್ ನೆನಪಾಗುತ್ತದೆ ಅಲ್ವಾ? ಅದೇ ಊರು. ಮಿಲ್ಟನ್ ಹರ್ಷಿ ಎಂಬಾತ 1900ರಲ್ಲಿ ತನ್ನ ಕ್ಯಾರಮೆಲ್ ಕಂಪನಿಯನ್ನು ಹತ್ತು ಲಕ್ಷ ಡಾಲರಿಗೆ ಮಾರಿ, ಹಾಲು ಹೇರಳವಾಗಿ ಸಿಗುವ ಹಳ್ಳಿಗಾಡಿನಲ್ಲಿ ಚಾಕೊಲೇಟ್ ಕಾರ್ಖಾನೆ ಕಟ್ಟಿದ. ಕಾರ್ಖಾನೆಯ ಸುತ್ತ ಊರು ಬೆಳೆಯಿತು. ಇವತ್ತಿಗೂ ಅಲ್ಲಿ ಬೀದಿದೀಪಗಳು ಚಾಕೊಲೇಟ್ ಆಕಾರದಲ್ಲಿವೆ. 1930ರ ದಶಕದಲ್ಲಿ ಅಮೆರಿಕದಾದ್ಯಂತ ಕೆಲಸವಿಲ್ಲದೆ ಜನ ಬೀದಿಗೆ ಬಿದ್ದಿದ್ದಾಗ ಈತ ಕಟ್ಟಡ ಕೆಲಸಗಳನ್ನು ಒಂದರ ಮೇಲೊಂದು ಶುರುಮಾಡಿದ. ಹೋಟೆಲ್, ಸಮುದಾಯ ಭವನ, 1936ರ ಡಿಸೆಂಬರ್‌ನಲ್ಲಿ ಈ ಅರೇನಾ. ಊರವರಿಗೆ ಕೂಲಿ ಸಿಕ್ಕಿತು. ಹಾಗಂತ ಆತನನ್ನು ದೇವರು ಮಾಡಬೇಕಾಗಿಲ್ಲ. ಅರೇನಾ ಶುರುವಾದ ನಾಲ್ಕೇ ತಿಂಗಳಿಗೆ, 1937ರ ಏಪ್ರಿಲ್‌ನಲ್ಲಿ, ಅದೇ ಕಾರ್ಖಾನೆಯ ಕೆಲಸಗಾರರು ಒಳಗೇ ಕುಳಿತು ಮುಷ್ಕರ ಹೂಡಿದರು. ಹಾಲು ಮಾರಾಟ ನಿಂತುಹೋದ ರೈತರೂ ಕಂಪನಿಯ ಪರ ಇದ್ದವರೂ ಸೇರಿ ಅವರನ್ನು ಹೊಡೆದು ಹೊರಗಟ್ಟಿದರು. ಊರಿನ ಇತಿಹಾಸದಲ್ಲಿ ಇದೂ ಇದೆ.

ಅರೇನಾದ ಚಾವಣಿ ನಿಜಕ್ಕೂ ನೋಡುವಂಥದ್ದು. ಆಂಟನ್ ಟೆಡೆಸ್ಕೊ ಎಂಬ ಇಂಜಿನಿಯರ್ ಅದನ್ನು ರೂಪಿಸಿದರು. ಒಳಗೆ ಒಂದೇ ಒಂದು ಕಂಬ ಇಲ್ಲ. ಇನ್ನೂರು ಅಡಿಗೂ ಹೆಚ್ಚು ಅಗಲಕ್ಕೆ ಕಾಂಕ್ರೀಟ್ ಕಮಾನು ಬಾಗಿ ನಿಂತಿದೆ. ಅದರ ದಪ್ಪ ಬರೀ ಮೂರೂವರೆ ಇಂಚು. ಜರ್ಮನಿಯಲ್ಲಿ ಬೆಳೆದ ವಿದ್ಯೆ ಅದು. ಇಷ್ಟು ದೊಡ್ಡ ಪ್ರಮಾಣದಲ್ಲಿ ಅಮೆರಿಕಕ್ಕೆ ಬಂದದ್ದು ಇಲ್ಲಿಂದಲೇ. ಕಂಬ ಇಲ್ಲದ್ದಕ್ಕೇ ಅಲ್ಲಿ ಹಾಕಿ ಆಡಬಹುದು, ಬಾಸ್ಕೆಟ್‌ಬಾಲ್ ಆಡಬಹುದು, ಸರ್ಕಸ್ ನಡೆಸಬಹುದು, ಹಾಡಿಸಬಹುದು.

ಇನ್ನೊಂದು ಉಪಯೋಗವೂ ಆಯಿತು, ಯಾರೂ ಬಯಸದ್ದು. 1979ರ ಮಾರ್ಚ್ ಕೊನೆಯಲ್ಲಿ ಹತ್ತಿರದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಅವಘಡವಾಯಿತು. ಸುತ್ತ ಐದು ಮೈಲಿಯೊಳಗಿನ ಬಸುರಿಯರು ಮತ್ತು ಪುಟ್ಟ ಮಕ್ಕಳು ಜಾಗ ಖಾಲಿ ಮಾಡಿದರೆ ಒಳ್ಳೆಯದು ಎಂದು ರಾಜ್ಯಪಾಲರು ಹೇಳಿದರು. ಹೋಗಲು ನೆಂಟರ ಮನೆ ಇಲ್ಲದವರು ಬಂದದ್ದು ಇದೇ ಅರೇನಾಕ್ಕೆ. ಹಾಕಿ ನೋಡುವ ಜಾಗದಲ್ಲಿ ಮಂಚಗಳ ಸಾಲು. 'ಬಹೂಪಯೋಗಿ' ಅನ್ನುವುದು ಜಾಹೀರಾತಿನ ಮಾತು ಅಂದುಕೊಂಡಿರುತ್ತೇವೆ. ಕೆಲವೊಮ್ಮೆ ಅದು ಹೀಗೂ ನಿಜವಾಗುತ್ತದೆ.

ಈಗ ಆ ಹಳೆಯ ಕಟ್ಟಡದ ಪಕ್ಕದಲ್ಲೇ ಹೊಸದು ನಿಂತಿದೆ. ಜೈಂಟ್ ಸೆಂಟರ್. 2002ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆಯಿತು. ಮೊದಲ ಕಾರ್ಯಕ್ರಮ ಗಾಯಕಿ ಶೇರ್ ಅವರದ್ದು. ಹಾಕಿಗೆ 10,500 ಜನ ಕೂರಬಹುದು. ಸಂಗೀತವಿದ್ದಾಗ ನೆಲದ ಮೇಲೂ ಕುರ್ಚಿ ಹಾಕುವುದರಿಂದ ಇನ್ನಷ್ಟು ಜನ ಹಿಡಿಯುತ್ತಾರೆ. ಊರಿನ ಜನಸಂಖ್ಯೆ 14,000ದ ಆಸುಪಾಸು. ಅಂದರೆ ಊರಿನ ಮುಕ್ಕಾಲು ಭಾಗ ಒಟ್ಟಿಗೆ ಒಳಗೆ ಕೂರಬಹುದು! ಜೈಂಟ್ ಎನ್ನುವುದು ಅಲ್ಲಿನ ದಿನಸಿ ಅಂಗಡಿಗಳ ಕಂಪನಿಯ ಹೆಸರು. ದುಡ್ಡು ಕೊಟ್ಟು ಹೆಸರು ಹಾಕಿಸಿಕೊಂಡಿದ್ದಾರೆ. ತಮಾಷೆ ನೋಡಿ, 1930ರ ದಶಕದಲ್ಲಿ ಊರಿನ ಹಾಕಿ ತಂಡದ ಹೆಸರು ಹರ್ಷಿ ಬಾರ್ಸ್ ಎಂದಿತ್ತು. ಚಾಕೊಲೇಟ್ ಬಾರ್ ಇದೆಯಲ್ಲ, ಅದು. ಇದು ಸುಮ್ನೆ ಜಾಹೀರಾತು ಎಂದು ಪತ್ರಿಕೆಯವರು ಮೂಗು ಮುರಿದರು. ಆಮೇಲೆ ಅದು ಹರ್ಷಿ ಬೇರ್ಸ್ ಆಯಿತು, ಕರಡಿಗಳು. ಈಗ ಇಡೀ ಕಟ್ಟಡಕ್ಕೇ ಅಂಗಡಿಯ ಹೆಸರಿದ್ದರೂ ಯಾರೂ ಮೂಗು ಮುರಿಯುವುದಿಲ್ಲ.

ಬೇರ್ಸ್ ಆಡುವುದು ಅಮೆರಿಕನ್ ಹಾಕಿ ಲೀಗ್‌ನಲ್ಲಿ. ದೊಡ್ಡ ಲೀಗ್ ಎನ್‌ಎಚ್‌ಎಲ್. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇದು. ಮೇಲಿನ ಲೀಗ್‌ನಲ್ಲಿ 32 ತಂಡ, ಕೆಳಗಿನದರಲ್ಲೂ 32. ಮೇಲಿನ ಒಂದೊಂದು ತಂಡಕ್ಕೂ ಕೆಳಗೆ ಒಂದು ಜೊತೆ ತಂಡ. ಹರ್ಷಿಯದು 2005ರಿಂದ ವಾಷಿಂಗ್ಟನ್ ಕ್ಯಾಪಿಟಲ್ಸ್ ಜೊತೆ. ಯುವಕರು ಇಲ್ಲಿ ಪಳಗುತ್ತಾರೆ. ಮೇಲಿನ ತಂಡದಲ್ಲಿ ಯಾರಿಗಾದರೂ ಪೆಟ್ಟು ಬಿದ್ದರೆ ಇಲ್ಲಿಯವನಿಗೆ ಫೋನ್ ಬರುತ್ತದೆ. ಚೀಲ ಕಟ್ಟಿಕೊಂಡು ಹೊರಡಬೇಕು. ಕಾರಿನಲ್ಲಿ ಎರಡೂವರೆ ಗಂಟೆ ದಾರಿ. ಆಟಗಾರರಿಗಷ್ಟೇ ಅಲ್ಲ, ಕೋಚ್‌ಗೂ ಹಾಗೇ. 2006ರಲ್ಲಿ ಹರ್ಷಿಗೆ ಕಪ್ ಗೆದ್ದುಕೊಟ್ಟ ಬ್ರೂಸ್ ಬೂಡ್ರೊ ಅವರನ್ನು 2007ರ ನವೆಂಬರ್‌ನಲ್ಲಿ, ಸೀಸನ್ ನಡುವೆಯೇ, ವಾಷಿಂಗ್ಟನ್‌ನವರು ಕರೆಸಿಕೊಂಡರು.

ಇಂಥ ತಂಡಕ್ಕೆ ಯಾರು ಮನಸೋಲುತ್ತಾರೆ ಅನ್ನಿಸಬಹುದು. ಒಬ್ಬ ಚೆನ್ನಾಗಿ ಆಡತೊಡಗಿದ ಅಂದರೆ ನಾಳೆ ಇರುವುದಿಲ್ಲ. ಆದರೂ ಹರ್ಷಿಯ ಜನ ಮನಸೋತಿದ್ದಾರೆ. 1938ರಿಂದ ಬಿಡದೆ ಅದೇ ಲೀಗ್‌ನಲ್ಲಿ, ಅದೇ ಊರಿನಲ್ಲಿ ಆಡುತ್ತಿರುವ ತಂಡ ಇದು. ಎಷ್ಟೋ ಸೀಸನ್‌ಗಳಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ಜನ ಸೇರಿದ್ದು ಇಲ್ಲೇ. ಅವರು ಜರ್ಸಿಗೆ ಕೂಗುತ್ತಾರೆ, ಒಳಗೆ ಯಾರಿದ್ದರೂ ಸರಿ.

ಈಗ ಲೆಕ್ಕಕ್ಕೆ ಬರೋಣ. ಸೀಸನ್‌ಗೆ 72 ಪಂದ್ಯ. ಅದರಲ್ಲಿ ಅರ್ಧ, ಅಂದರೆ 36, ಊರಿನಲ್ಲಿ. ವರ್ಷಕ್ಕೆ 365 ರಾತ್ರಿ. ಮಿಕ್ಕ ಮುನ್ನೂರ ಚಿಲ್ಲರೆ ರಾತ್ರಿ ಏನು ಮಾಡಬೇಕು? ಇಂಥ ಜಾಗ ನಡೆಸುವವರ ನಿದ್ದೆ ಕೆಡಿಸುವುದು ಇದೊಂದೇ ಪ್ರಶ್ನೆ. ದೀಪ ಆರಿಸಿದ ಮಾತ್ರಕ್ಕೆ ಖರ್ಚು ನಿಲ್ಲುವುದಿಲ್ಲ. ಸಾಲದ ಕಂತು ಇರುತ್ತದೆ, ವಿಮೆ ಇರುತ್ತದೆ, ಕಾಯಂ ನೌಕರರ ಸಂಬಳ ಇರುತ್ತದೆ. ಐಸ್ ಹಾಕಿದ ಮೇಲಂತೂ ಅದನ್ನು ತಣ್ಣಗಿಡಲು ಯಂತ್ರ ಹಗಲೂ ರಾತ್ರಿ ಓಡುತ್ತಲೇ ಇರಬೇಕು. ಅದಕ್ಕೇ ಶಾಲಾ ಮಕ್ಕಳ ರಾಜ್ಯಮಟ್ಟದ ಕುಸ್ತಿ, ಬಾಸ್ಕೆಟ್‌ಬಾಲ್ ಫೈನಲ್, ಡಿಸ್ನಿ ಬೊಂಬೆಗಳ ಐಸ್ ಕುಣಿತ, ಹಾಡುಗಾರರು, ಹಾಸ್ಯಗಾರರು, ಹೀಗೆ ಎಲ್ಲರಿಗೂ ಜಾಗ.

ಹಾಡುಗಾರರಿಂದ ಬರುವ ಹಣ ದೊಡ್ಡದು, ನಿಜ. ಆದರೆ ಅವರು ಬಂದು ಹೋಗುವ ನೆಂಟರು. ಹಾಕಿ ತಂಡ ಮನೆಯವನು. ನೆಂಟ ಈ ವರ್ಷ ಬಂದ, ಮುಂದಿನ ವರ್ಷ ಬೇರೆ ಊರು ನೋಡಿಕೊಂಡ. ಮನೆಯವನು 36 ರಾತ್ರಿ ಖಂಡಿತ ಇರುತ್ತಾನೆ. ಟಿಕೆಟ್ ಅಗ್ಗ, ಅದಕ್ಕೇ ಮಕ್ಕಳನ್ನು ಕಟ್ಟಿಕೊಂಡು ಸಂಸಾರವೇ ಬರುತ್ತದೆ. ಕಾರು ನಿಲ್ಲಿಸಲು ದುಡ್ಡು, ತಿನ್ನಲು ದುಡ್ಡು, ಟೋಪಿಗೆ ದುಡ್ಡು. ಚಿಕ್ಕ ಲೀಗ್ ಅಂದರೆ ಕಳಪೆ ಲೀಗ್ ಎಂದುಕೊಂಡವರು ಈ ಭಾಗವನ್ನು ನೋಡುವುದೇ ಇಲ್ಲ. ನನ್ನ ಕೇಳಿದರೆ ಇಂಥ ಕಟ್ಟಡವನ್ನು ಬದುಕಿಸಿಕೊಂಡು ಬಂದದ್ದು ಆ ಚಿಕ್ಕ ಲೀಗ್. ಪೋಸ್ಟರ್ ಮೇಲಿನ ದೊಡ್ಡ ಹೆಸರುಗಳಲ್ಲ.

ಹರ್ಷಿಗೆ ಇನ್ನೊಂದು ಅನುಕೂಲವೂ ಇದೆ, ಅದನ್ನು ಮುಚ್ಚಿಡಬಾರದು. ತಂಡ, ಅರೇನಾ, ಪಕ್ಕದ ಮನರಂಜನಾ ಉದ್ಯಾನ, ಹೋಟೆಲ್, ಎಲ್ಲ ನಡೆಸುವುದು ಒಂದೇ ಕಂಪನಿ. ಆ ಕಂಪನಿಯ ಒಡೆತನ ಒಂದು ಟ್ರಸ್ಟ್‌ನದು. ಹರ್ಷಿ ದಂಪತಿ 1909ರಲ್ಲಿ ಅನಾಥ ಹುಡುಗರಿಗೆಂದು ತೆರೆದ ಶಾಲೆಯ ಟ್ರಸ್ಟ್ ಅದು. ಈಗ ಬಡ ಮನೆಗಳ ಹುಡುಗ ಹುಡುಗಿಯರಿಬ್ಬರೂ ಅಲ್ಲಿ ಓದುತ್ತಾರೆ. ಎಲ್ಲ ಊರಿಗೂ ಇಂಥ ಯೋಗ ಇರುವುದಿಲ್ಲ. ಹರ್ಷಿಯನ್ನು ನೋಡಿ ನಾವೂ ಕಟ್ಟಿಬಿಡೋಣ ಎಂದು ಹೊರಟ ಊರು ಕೈ ಸುಟ್ಟುಕೊಂಡರೆ ಆಶ್ಚರ್ಯವಿಲ್ಲ.

ಇವತ್ತು ಹಾಕಿ, ನಾಳೆ ಹಾಡು, ನಾಡಿದ್ದು ಮತ್ತೆ ಹಾಕಿ. ಇದು ಹೇಗೆ ಸಾಧ್ಯ? ನೆಲದ ಕಾಂಕ್ರೀಟ್ ಒಳಗೆ ಸಾಲುಸಾಲು ಕೊಳವೆಗಳಿರುತ್ತವೆ. ಅವುಗಳಲ್ಲಿ ಹೆಪ್ಪುಗಟ್ಟದ ತಣ್ಣನೆಯ ದ್ರವ ಸುತ್ತುತ್ತಿರುತ್ತದೆ. ಮೇಲೆ ತೆಳ್ಳಗೆ ನೀರು ಸಿಂಪಡಿಸುತ್ತಾರೆ, ಹೆಪ್ಪುಗಟ್ಟುತ್ತದೆ. ಮತ್ತೆ ಸಿಂಪಡಿಸುತ್ತಾರೆ. ನಡುವೆ ಬಿಳಿ ಬಣ್ಣ ಬಳಿಯುತ್ತಾರೆ. ಇಲ್ಲದಿದ್ದರೆ ಕೆಳಗಿನ ಕಾಂಕ್ರೀಟ್ ಬೂದುಬಣ್ಣವಾಗಿ ಕಾಣುತ್ತದೆ, ಆಟಗಾರರು ಹೊಡೆಯುವ ಕಪ್ಪು ರಬ್ಬರ್ ಬಿಲ್ಲೆ, ಅಂದರೆ ಪಕ್, ಎಲ್ಲಿದೆ ಎಂದು ಪ್ರೇಕ್ಷಕರು ಹುಡುಕಬೇಕಾಗುತ್ತದೆ. ಗೆರೆಗಳು, ಜಾಹೀರಾತುಗಳೂ ಐಸ್ ಪದರಗಳ ನಡುವೆಯೇ ಕೂತಿರುತ್ತವೆ. ಇಷ್ಟೆಲ್ಲ ಆದ ಮೇಲೂ ಒಟ್ಟು ದಪ್ಪ ಒಂದು ಇಂಚಿಗೆ ಸ್ವಲ್ಪ ಮೇಲೆ. 200 ಅಡಿ ಉದ್ದ, 85 ಅಡಿ ಅಗಲದ ಅಂಗಳ ಅದು.

ಸಂಗೀತ ಕಾರ್ಯಕ್ರಮ ಇದೆ ಅಂದರೆ ಆ ಐಸ್ ಕರಗಿಸುತ್ತಾರೆ ಎಂದು ನಾನೂ ಅಂದುಕೊಂಡಿದ್ದೆ. ಇಲ್ಲ. ಶಾಖ ಹಾಯದ ಹಲಗೆಗಳನ್ನು ಐಸ್ ಮೇಲೆಯೇ ಒತ್ತಾಗಿ ಜೋಡಿಸುತ್ತಾರೆ. ಅದರ ಮೇಲೆ ಕುರ್ಚಿ, ವೇದಿಕೆ. ಬಾಸ್ಕೆಟ್‌ಬಾಲ್ ಇದ್ದರೆ ಆ ಹಲಗೆಯ ಮೇಲೆ ಮರದ ಅಂಕಣ, ಅದೂ ತುಂಡುತುಂಡಾಗಿ ಬಿಚ್ಚಿ ಜೋಡಿಸುವಂಥದ್ದು. ನೆಲದ ಸೀಟಿಗೆ ಜಾಸ್ತಿ ದುಡ್ಡು ಕೊಟ್ಟವರಿಗೆ ಪಾದ ತಣ್ಣಗಾದರೆ ಕಾರಣ ಇದೇ, ಹಲಗೆಯ ಕೆಳಗೆ ಹಾಕಿ ಅಂಗಳ ಹಾಗೇ ಮಲಗಿರುತ್ತದೆ.

ಹಾಡುಗಾರರ ತಂಡ ಹತ್ತಾರು ಲಾರಿಗಳಲ್ಲಿ ಬೆಳಗಿನ ಜಾವವೇ ಬಂದಿಳಿಯುತ್ತದೆ. ಮೊದಲು ಮೇಲೆ ಹತ್ತುವವರು ರಿಗ್ಗರ್‌ಗಳು. ಚಾವಣಿಯ ಉಕ್ಕಿನ ತೊಲೆಗಳಿಂದ ಸರಪಳಿ ಇಳಿಬಿಟ್ಟು ಟನ್‌ಗಟ್ಟಲೆ ದೀಪ, ಸ್ಪೀಕರ್ ಎತ್ತಿ ಕಟ್ಟುತ್ತಾರೆ. ಯಾವ ತೊಲೆ ಎಷ್ಟು ಭಾರ ತಡೆಯುತ್ತದೆ ಎಂಬ ಲೆಕ್ಕ ಮೊದಲೇ ಆಗಿರಬೇಕು. ರಾತ್ರಿ ಹನ್ನೊಂದಕ್ಕೆ ಕೊನೆಯ ಹಾಡು. ಜನ ಇನ್ನೂ ಹೊರಗೆ ಹೋಗುತ್ತಿರುವಾಗಲೇ ಬಿಚ್ಚುವ ಕೆಲಸ ಶುರು. ಬೆಳಗಾಗುವುದರೊಳಗೆ ಲಾರಿಗಳು ಮುಂದಿನ ಊರಿನ ದಾರಿಯಲ್ಲಿ. ಇತ್ತ ಹಲಗೆ ತೆಗೆದು ಐಸ್ ಮೇಲೆ ಜಂಬೋನಿ ಓಡಿಸುತ್ತಾರೆ. 1949ರಲ್ಲಿ ಕ್ಯಾಲಿಫೋರ್ನಿಯಾದ ಫ್ರಾಂಕ್ ಜಂಬೋನಿ ಮಾಡಿದ ಗಾಡಿ ಅದು. ಮೇಲ್ಮೈಯನ್ನು ಕೆರೆದು, ತೊಳೆದು, ಹಿಂದಿನಿಂದ ಬಿಸಿನೀರು ಹಾಸುತ್ತಾ ಹೋಗುತ್ತದೆ. ಹೌದು, ಬಿಸಿನೀರೇ. ಅದು ಮೇಲ್ಪದರವನ್ನು ಸ್ವಲ್ಪ ಕರಗಿಸಿ ಗೀರುಗಳನ್ನು ತುಂಬಿ, ನಯವಾಗಿ ಮತ್ತೆ ಗಟ್ಟಿಯಾಗುತ್ತದೆ.

ಒಂದು ಮಾತು ಮಾತ್ರ ಹೇಳಲೇಬೇಕು. ಇಂಥ ಜಾಗಗಳಲ್ಲಿ ಸಂಗೀತ ಕೇಳಲು ಅಷ್ಟು ಚೆಂದ ಇರುವುದಿಲ್ಲ. ಕಾಂಕ್ರೀಟ್, ಗಾಜು, ಉಕ್ಕು, ಎಲ್ಲ ದನಿಯನ್ನು ವಾಪಸ್ ಎಸೆಯುತ್ತವೆ. ಗೋಲ್ ಆದಾಗಿನ ಕೂಗಿಗೆ ಅದು ಬಹಳ ಒಳ್ಳೆಯದು, ಹತ್ತು ಸಾವಿರ ಜನ ಇಪ್ಪತ್ತು ಸಾವಿರದ ಹಾಗೆ ಕೇಳಿಸುತ್ತಾರೆ. ಮೆಲ್ಲಗೆ ಹಾಡುವವರಿಗೆ ಕಷ್ಟ. ಎಲ್ಲಕ್ಕೂ ಆಗುವ ಜಾಗ ಯಾವುದೋ ಒಂದಕ್ಕೆ ಸ್ವಲ್ಪ ಕಡಿಮೆ ಬೀಳುತ್ತದೆ.

ಆ ಕೂಗು ಮುಗಿಲು ಮುಟ್ಟುವ ದಿನ ಒಂದಿದೆ. ವರ್ಷಕ್ಕೊಮ್ಮೆ ಪ್ರೇಕ್ಷಕರು ಚೀಲಗಟ್ಟಲೆ ಗೊಂಬೆಗಳನ್ನು ತರುತ್ತಾರೆ. ಬೇರ್ಸ್ ಮೊದಲ ಗೋಲ್ ಹೊಡೆದ ಕೂಡಲೇ ಎಲ್ಲ ಎದ್ದು ನಿಂತು ಐಸ್ ಮೇಲೆ ಎಸೆಯುತ್ತಾರೆ. ಅಂಗಳ ಕಾಣದಷ್ಟು ಗೊಂಬೆ. ಆರಿಸಿ, ಎಣಿಸಿ ಮಕ್ಕಳಿಗಾಗಿ ದುಡಿಯುವ ಸಂಸ್ಥೆಗಳಿಗೆ ಹಂಚುತ್ತಾರೆ. ಈ ಪದ್ಧತಿ 1993ರಲ್ಲಿ ಕೆನಡಾದ ಕ್ಯಾಮ್‌ಲೂಪ್ಸ್ ಎಂಬ ಊರಿನಲ್ಲಿ ಶುರುವಾಯಿತು. ಹರ್ಷಿಯವರು ಅದನ್ನು ಎಲ್ಲಿಗೋ ಒಯ್ದರು. 2018ರಲ್ಲಿ 34,798 ಗೊಂಬೆ. 2025ರ ಜನವರಿಯಲ್ಲಿ 1,02,343. ಹತ್ತು ಸಾವಿರ ಚಿಲ್ಲರೆ ಸೀಟಿನ ಜಾಗದಲ್ಲಿ ಒಂದು ಲಕ್ಷ ಗೊಂಬೆ! ತಲೆಗೆ ಹತ್ತರಂತೆ ಆಯಿತು.

ಕೊನೆಯದಾಗಿ ಕ್ಯಾಲೆಂಡರಿನ ತಲೆನೋವೊಂದು. ಏಪ್ರಿಲ್‌ನಲ್ಲಿ ಪ್ಲೇಆಫ್, ಅಂದರೆ ಕಪ್‌ಗಾಗಿ ನಡೆಯುವ ಸೋತವರು ಹೊರಬೀಳುವ ಸುತ್ತುಗಳು, ಶುರುವಾಗುತ್ತದೆ. ತಂಡ ಗೆಲ್ಲುತ್ತಾ ಹೋದರೆ ಜೂನ್ ತನಕ ಆಟ ಇರುತ್ತದೆ. ಮೊದಲ ಸುತ್ತಿಗೇ ಸೋತರೆ ಅಲ್ಲಿಗೇ ಮುಗಿಯಿತು. ಯಾವುದು ಆಗುತ್ತದೋ ಯಾರಿಗೂ ಗೊತ್ತಿಲ್ಲ. ಆದರೆ ಹಾಡುಗಾರರ ತಾರೀಖು ತಿಂಗಳುಗಳ ಮೊದಲೇ ಕೊಡಬೇಕು. ಅರೇನಾದವರು ಆಸೆಯಿಂದ ಕೆಲವು ದಿನಗಳನ್ನು ಖಾಲಿ ಹಿಡಿದಿಡುತ್ತಾರೆ. ತಂಡ ಸೋತರೆ ಆ ದಿನಗಳು ಹಾಗೇ ವ್ಯರ್ಥ. 2024ರಲ್ಲಿ ಹಿಡಿದಿಟ್ಟದ್ದು ಕೈಗೂಡಿತು. ಜೂನ್ 24, ಹೊರಗೆ ಬೇಸಿಗೆ, ಒಳಗೆ ಐಸ್. ಫೈನಲ್‌ನ ಆರನೇ ಪಂದ್ಯ, ಎದುರಿಗೆ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ವ್ಯಾಲಿ ಫೈರ್‌ಬರ್ಡ್ಸ್. ಸಮಬಲವಾಗಿ ಆಟ ಹೆಚ್ಚುವರಿ ಸಮಯಕ್ಕೆ ಹೋಯಿತು. ಮ್ಯಾಟ್ ಸ್ಟ್ರೋಮ್ ಗೋಲ್ ಹೊಡೆದರು. 5ಕ್ಕೆ 4. ಬೇರ್ಸ್‌ಗೆ ಅದು 13ನೇ ಕಾಲ್ಡರ್ ಕಪ್. ಆ ಲೀಗ್‌ನಲ್ಲಿ ಅಷ್ಟು ಕಪ್ ಗೆದ್ದ ತಂಡ ಇನ್ನೊಂದಿಲ್ಲ.

ನಮಸ್ಕಾರ.