ಝೆಡ್ ಡ್ರೈವ್ ಮೇಲೆ ಕೆಂಪು ಇಂಟು ಮಾರ್ಕ್: ಮೊದಲು ಎರರ್ ನಂಬರ್ ನೋಡಿ

ಸ್ಕ್ರೀನ್ ನೋಡಿ. ದಿಸ್ ಪಿಸಿ ತೆಗೆದಿದೆ. ಇನ್ನೊಂದು ಕಂಪ್ಯೂಟರಿನಲ್ಲಿ ಶೇರ್ ಮಾಡಿರೋ ಫೋಲ್ಡರನ್ನ ನೆಟ್‌ವರ್ಕ್ ಮೂಲಕ ಇಲ್ಲಿ ಝೆಡ್ ಡ್ರೈವ್ ಅಂತ ಸೇರಿಸಿಕೊಂಡಿದ್ದೀವಿ (ಇದಕ್ಕೇ ಮ್ಯಾಪ್ ಅನ್ನೋದು), ಅದರ ಮೇಲೆ ಕೆಂಪು ಇಂಟು ಮಾರ್ಕ್ ಬಿದ್ದಿದೆ. ಇದು ಕಂಡ ತಕ್ಷಣ ಆಫೀಸಿನಲ್ಲಿ ಎಲ್ರೂ ಮಾಡೋದು ಒಂದೇ ಕೆಲಸ: ರೈಟ್ ಕ್ಲಿಕ್, ಡಿಸ್ಕನೆಕ್ಟ್, ಮತ್ತೆ ಮ್ಯಾಪ್. ಸ್ವಲ್ಪ ತಡೀರಿ. ಮೊದಲು ಆ ಡ್ರೈವ್ ಮೇಲೆ ಸುಮ್ಮನೆ ಡಬಲ್ ಕ್ಲಿಕ್ ಮಾಡಿ. ಫೋಲ್ಡರುಗಳು ಕಂಡ್ವಾ? ಹಾಗಾದ್ರೆ ಏನೂ ಕೆಟ್ಟಿಲ್ಲ. 15 ನಿಮಿಷ ಯಾರೂ ಬಳಸದೇ ಇದ್ರೆ ಆ ಕಡೆ ಕಂಪ್ಯೂಟರ್ ಕನೆಕ್ಷನ್ ಬಿಟ್ಟುಬಿಡುತ್ತೆ. ಕ್ಲಿಕ್ ಮಾಡಿದ್ರೆ ತಾನೇ ಹಿಡ್ಕೊಳ್ಳುತ್ತೆ. ಕೆಲವು ಹಳೇ ಸಾಫ್ಟ್‌ವೇರ್‌ಗಳಿಗೆ ಮಾತ್ರ ಅಷ್ಟು ತಾಳ್ಮೆ ಇರಲ್ಲ, ಎರರ್ ಕೊಟ್ಟು ನಿಂತುಬಿಡ್ತವೆ. ಅಂಥ ಕಡೆ ಶೇರ್ ಕೊಟ್ಟಿರೋ ಕಂಪ್ಯೂಟರಿನಲ್ಲಿ ಅಡ್ಮಿನ್ ಆಗಿ ಈ ಕಮಾಂಡ್ ಹೊಡೀರಿ: ನೆಟ್ ಕಾನ್ಫಿಗ್ ಸರ್ವರ್, ಸ್ಪೇಸ್, ಸ್ಲ್ಯಾಶ್ ಆಟೋಡಿಸ್ಕನೆಕ್ಟ್, ಕೋಲನ್, ಮೈನಸ್ 1.

ಡಬಲ್ ಕ್ಲಿಕ್‌ಗೂ ಬಗ್ಗಲಿಲ್ಲ ಅಂದ್ರೆ ನಿಜವಾದ ಕೆಲಸ ಈಗ ಶುರು. ನಾವು ತೋರಿಸ್ತಿರೋದು ಸಣ್ಣ ಆಡಿಟರ್ ಆಫೀಸ್ ಥರದ ಸೆಟಪ್. ಮೂಲೆಯಲ್ಲಿರೋ ಒಂದು ಮಾಮೂಲಿ ವಿಂಡೋಸ್ ಕಂಪ್ಯೂಟರಿಗೆ ಎಲ್ರೂ ‘ಸರ್ವರ್’ ಅಂತಾರೆ. ಟ್ಯಾಲಿ ಡೇಟಾ, ಸ್ಕ್ಯಾನ್ ಮಾಡಿದ ಬಿಲ್ಲುಗಳು ಅದರೊಳಗೆ. ಉಳಿದ ಸಿಸ್ಟಮ್‌ಗಳಲ್ಲಿ ಅದೇ ಝೆಡ್ ಡ್ರೈವ್.

ಕಮಾಂಡ್ ಪ್ರಾಂಪ್ಟ್ ತೆಗೀರಿ. ಮಾಮೂಲಿಯಾಗಿ ತೆಗೀರಿ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಬೇಡ. ಅದಕ್ಕೆ ಕಾರಣ ಇದೆ, ಆಮೇಲೆ ಹೇಳ್ತೀವಿ. ನೆಟ್ ಸ್ಪೇಸ್ ಯೂಸ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಝೆಡ್ ಮುಂದೆ ‘ಅನ್‌ಅವೈಲಬಲ್’ ಅಂತಿದೆ. ಟ್ಯಾಲಿ, ಎಕ್ಸೆಲ್ ಎಲ್ಲಾ ಮುಚ್ಚಿ. ಫೈಲ್ ತೆಗೆದಿಟ್ಟುಕೊಂಡೇ ಕನೆಕ್ಷನ್ ಕಿತ್ತರೆ ಡೇಟಾ ಹಾಳಾಗಬಹುದು. ಈಗ ನೆಟ್ ಯೂಸ್, ಝೆಡ್ ಕೋಲನ್, ಸ್ಲ್ಯಾಶ್ ಡಿಲೀಟ್. ಆಮೇಲೆ ನೆಟ್ ಯೂಸ್, ಝೆಡ್ ಕೋಲನ್, ಎರಡು ಬ್ಯಾಕ್‌ಸ್ಲ್ಯಾಶ್, ಸರ್ವರ್ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಶೇರ್ ಹೆಸರು. ಇಷ್ಟನ್ನ ಮೌಸಿನಲ್ಲೇ ಮಾಡಬಹುದಲ್ವಾ ಅಂತೀರಾ? ಮಾಡಬಹುದು. ಆದ್ರೆ ಕಮಾಂಡ್ ಫೇಲ್ ಆದ್ರೆ ‘ಸಿಸ್ಟಮ್ ಎರರ್’ ಅಂತ ಹೇಳಿ ನಂಬರ್ ಕೊಡುತ್ತೆ. ತೊಂದರೆ ವೈರಿನಲ್ಲಿದೆಯೋ, ಹೆಸರಿನಲ್ಲಿದೆಯೋ, ಪಾಸ್‌ವರ್ಡಿನಲ್ಲಿದೆಯೋ ಅನ್ನೋದು ಆ ನಂಬರಿನಲ್ಲೇ ಗೊತ್ತಾಗುತ್ತೆ.

53 ಬಂದ್ರೆ ಸರ್ವರ್ ತನಕ ಹೋಗೋಕೇ ಆಗಿಲ್ಲ ಅಂತ. ಎಕ್ಸ್‌ಪ್ಲೋರರ್ ಇದನ್ನೇ 80070035 ಅಂತ ತೋರಿಸುತ್ತೆ. ಪಿಂಗ್ (ಆ ಕಂಪ್ಯೂಟರ್ ಉತ್ತರ ಕೊಡುತ್ತಾ ಅಂತ ಕೇಳೋ ಕಮಾಂಡ್) ಮಾಡಿ ನೋಡಿ, ಆದ್ರೆ ಪಿಂಗ್ ಬರಲಿಲ್ಲ ಅಂತ ತೀರ್ಮಾನಕ್ಕೆ ಬರಬೇಡಿ. ಫೈರ್‌ವಾಲ್ ಪಿಂಗನ್ನಷ್ಟೇ ತಡೆದಿರಬಹುದು. ಫೈಲ್ ಶೇರಿಂಗ್ ನಡೆಯೋದು ಪೋರ್ಟ್ 445ರಲ್ಲಿ. ಪವರ್‌ಶೆಲ್ ತೆಗೆದು ಟೆಸ್ಟ್ ಹೈಫನ್ ನೆಟ್‌ಕನೆಕ್ಷನ್, ಸರ್ವರ್ ಹೆಸರು, ಹೈಫನ್ ಪೋರ್ಟ್ 445 ಅಂತ ಕೊಡಿ. ಕೊನೇ ಸಾಲಿನಲ್ಲಿ ಟ್ರೂ ಅಥವಾ ಫಾಲ್ಸ್ ಬರುತ್ತೆ. ಹೆಸರು ಕೊಟ್ಟರೆ ಫಾಲ್ಸ್, ಐಪಿ ಅಡ್ರೆಸ್ ಕೊಟ್ಟರೆ ಟ್ರೂ ಅಂದ್ರೆ ಕೆಟ್ಟಿರೋದು ಹೆಸರು ಹುಡುಕೋ ವ್ಯವಸ್ಥೆ. ಎರಡೂ ಫಾಲ್ಸ್ ಆದ್ರೆ ಎದ್ದು ಸರ್ವರ್ ಹತ್ರ ಹೋಗಿ. ಅಲ್ಲಿ ಮೂರು ವಿಷಯ ನೋಡಬೇಕು. ಸಿಸ್ಟಮ್ ಸ್ಲೀಪ್‌ಗೆ ಹೋಗಿದೆಯಾ? ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ‘ನೆವರ್’ ಮಾಡಿ. ನೆಟ್‌ವರ್ಕ್ ಪ್ರೊಫೈಲ್ ‘ಪಬ್ಲಿಕ್’ ಆಗಿದೆಯಾ? ರೂಟರ್ ಬದಲಾಯಿಸಿದಾಗ ವಿಂಡೋಸ್ ಅದನ್ನ ಹೊಸ ನೆಟ್‌ವರ್ಕ್ ಅಂದುಕೊಂಡು ಪಬ್ಲಿಕ್‌ಗೆ ಹಾಕಿರುತ್ತೆ, ಶೇರಿಂಗ್ ಬಂದ್ ಆಗುತ್ತೆ, ‘ಪ್ರೈವೇಟ್’ ಮಾಡಿ. ಮೂರನೇದು ಐಪಿ ಅಡ್ರೆಸ್. ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಆ ಕಂಪ್ಯೂಟರಿಗೆ ಬೇರೆ ಐಪಿ ಕೊಟ್ಟಿರಬಹುದು. ನಿನ್ನೆ 192.168.1.20, ಇವತ್ತು 1.27. ಐಪಿ ಹಾಕಿ ಮ್ಯಾಪ್ ಮಾಡಿದ್ದವರೆಲ್ಲ ಒಟ್ಟಿಗೇ ಕೂಗ್ತಾರೆ. ಸರ್ವರಿಗೆ ಯಾವಾಗಲೂ ಒಂದೇ ಐಪಿ ಸಿಗೋ ಹಾಗೆ ರೂಟರ್ ಸೆಟ್ಟಿಂಗ್ಸ್ ಒಳಗೆ ಅಡ್ರೆಸ್ ರಿಸರ್ವೇಶನ್ ಮಾಡಿಟ್ಟರೆ ಈ ಗೋಳು ತಪ್ಪುತ್ತೆ.

67 ಅಂದ್ರೆ ಬೀದಿ ಸಿಕ್ತು, ಮನೆ ನಂಬರ್ ತಪ್ಪು. ಸರ್ವರ್ ಸಿಕ್ಕಿದೆ, ಆ ಹೆಸರಿನ ಶೇರ್ ಇಲ್ಲ. ಯಾರೋ ಫೋಲ್ಡರಿನ ಹೆಸರು ಬದಲಾಯಿಸಿರ್ತಾರೆ, ಅದರ ಜೊತೆ ಶೇರೂ ಹೋಗಿರುತ್ತೆ. ಸರ್ವರಿನಲ್ಲಿ ನೆಟ್ ಶೇರ್ ಅಂತ ಹೊಡೆದ್ರೆ ಸದ್ಯ ಯಾವ್ಯಾವ ಶೇರ್ ಇವೆ ಅಂತ ಪಟ್ಟಿ ಸಿಗುತ್ತೆ. ಹೆಸರಿನ ಮಧ್ಯೆ ಸ್ಪೇಸ್ ಇದ್ರೆ ಇಡೀ ದಾರಿಯನ್ನ ಡಬಲ್ ಕೋಟ್ಸ್ ಒಳಗೆ ಹಾಕಿ.

86 ಅಥವಾ 1326 ಬಂದ್ರೆ ಯೂಸರ್ ನೇಮ್, ಪಾಸ್‌ವರ್ಡ್ ತಗಾದೆ. ಪಾಸ್‌ವರ್ಡ್ ಬದಲಾಯಿಸಿದ ಮಾರನೇ ದಿನ ಇದು ಗ್ಯಾರಂಟಿ. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್ ಒಳಗೆ, ವಿಂಡೋಸ್ ಕ್ರೆಡೆನ್ಷಿಯಲ್ಸ್‌ನಲ್ಲಿ ಹಳೇದು ಕೂತಿರುತ್ತೆ, ರಿಮೂವ್ ಮಾಡಿ. ಲಾಗಿನ್ ಆಗೋ ನಾಲ್ಕಂಕಿ ಪಿನ್ ಇಲ್ಲಿ ನಡೆಯಲ್ಲ, ಪೂರ್ತಿ ಪಾಸ್‌ವರ್ಡೇ ಬೇಕು. ಯೂಸರ್ ನೇಮ್ ಹಾಕುವಾಗ ಸರ್ವರ್ ಹೆಸರು, ಬ್ಯಾಕ್‌ಸ್ಲ್ಯಾಶ್, ಯೂಸರ್ ಅಂತ ಪೂರ್ತಿ ಕೊಡಿ. ಪಾಸ್‌ವರ್ಡೇ ಇಲ್ಲದ ಯೂಸರ್ ಅಕೌಂಟನ್ನ ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡೋದೇ ಇಲ್ಲ, ಆಗ 1327 ಬರುತ್ತೆ.

5 ಬಂದ್ರೆ ಪಾಸ್‌ವರ್ಡ್ ಸರಿ ಇದೆ, ಅನುಮತಿ ಇಲ್ಲ. ಫೋಲ್ಡರ್ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಟ್ಯಾಬ್, ಸೆಕ್ಯುರಿಟಿ ಟ್ಯಾಬ್ ಎರಡನ್ನೂ ನೋಡಿ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತೆ.

ತಲೆ ಕೆಡಿಸೋ ನಂಬರ್ ಅಂದ್ರೆ 1219. ಒಂದೇ ಲಾಗಿನ್‌ನಿಂದ, ಒಂದೇ ಸರ್ವರ್ ಹೆಸರಿಗೆ ಎರಡು ಬೇರೆ ಯೂಸರ್ ನೇಮ್ ಹಾಕಿ ಹೋಗೋಕೆ ವಿಂಡೋಸ್ ಬಿಡಲ್ಲ. ‘ನಾನು ಏನೂ ಕನೆಕ್ಟ್ ಮಾಡಿಲ್ಲ ಸಾರ್’ ಅಂತಾರೆ. ನೆಟ್ ಯೂಸ್ ಪಟ್ಟಿಯನ್ನ ಇನ್ನೊಮ್ಮೆ ಸರಿಯಾಗಿ ನೋಡಿ: ಡ್ರೈವ್ ಅಕ್ಷರವೇ ಇಲ್ಲದ ಒಂದು ಸಾಲು, ಕೊನೆಯಲ್ಲಿ ಐಪಿಸಿ, ಡಾಲರ್ ಚಿಹ್ನೆ. ಬೆಳಗ್ಗೆ ಯಾರೋ ರನ್ ಬಾಕ್ಸಿನಲ್ಲಿ ಸರ್ವರ್ ಹೆಸರು ಹಾಕಿ ಬೇರೆ ಯೂಸರ್ ಆಗಿ ಹೊಕ್ಕಿದ್ದಾರೆ, ಅದು ಇನ್ನೂ ಜೀವಂತ ಇದೆ. ಆ ಸಾಲಿನ ದಾರಿಯನ್ನ ಹಾಗೇ ಕೊಟ್ಟು ಸ್ಲ್ಯಾಶ್ ಡಿಲೀಟ್ ಮಾಡಿ, ಆಮೇಲೆ ಝೆಡ್ ಮ್ಯಾಪ್ ಮಾಡಿ. ಹೋಗದೇ ಇದ್ರೆ ಸೈನ್ ಔಟ್ ಮಾಡಿ ಬನ್ನಿ. ಎರಡು ಯೂಸರ್ ಬೇಕೇ ಬೇಕು ಅಂದ್ರೆ ಒಂದನ್ನ ಹೆಸರಿನಲ್ಲಿ, ಇನ್ನೊಂದನ್ನ ಐಪಿಯಲ್ಲಿ ಮ್ಯಾಪ್ ಮಾಡಿದ್ರೆ ನಡೆಯುತ್ತೆ. ಜುಗಾಡ್ ಹೌದು, ಕೆಲಸ ಆಗುತ್ತೆ.

71 ಅಪರೂಪ, ಕನೆಕ್ಷನ್‌ಗಳ ಮಿತಿ ಮುಗೀತು ಅಂತ. ವಿಂಡೋಸ್ 10, 11ಗಳು ಏಕಕಾಲಕ್ಕೆ 20 ಕನೆಕ್ಷನ್ ತನಕ ಮಾತ್ರ ಕೊಡ್ತವೆ. ಆಫೀಸ್ ಅಷ್ಟು ಬೆಳೆದಿದ್ರೆ ನ್ಯಾಸ್ ಬಾಕ್ಸೋ (ನೆಟ್‌ವರ್ಕ್‌ಗೆ ನೇರ ಸೇರಿಸೋ, ಫೈಲ್ ಇಡೋಕೇ ಇರೋ ಡಿಸ್ಕ್ ಪೆಟ್ಟಿಗೆ) ನಿಜವಾದ ಸರ್ವರೋ ತಗೊಳ್ಳಿ.

ನ್ಯಾಸ್ ಅಂದಾಗ ನೆನಪಾಯ್ತು. ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಆದ ಮೇಲೆ, ಪಾಸ್‌ವರ್ಡ್ ಇಲ್ಲದೇ ಗೆಸ್ಟ್ ಆಗಿ ತೆಗೀತಿದ್ದ ನ್ಯಾಸ್, ವಿಂಡೋಸ್‌ನ ಪ್ರೊ ಎಡಿಷನ್‌ಗಳಲ್ಲಿ ತೆಗೆಯೋದು ನಿಂತುಹೋಗುತ್ತೆ, 1272 ಅಂತ ಬರುತ್ತೆ. ಸೆಕ್ಯುರಿಟಿ ಸೆಟ್ಟಿಂಗ್ ಆಫ್ ಮಾಡಿ ಅಂತ ಹೇಳೋರು ಬೇಕಾದಷ್ಟು ಜನ ಇದ್ದಾರೆ, ನಾವು ಹೇಳಲ್ಲ. ನ್ಯಾಸ್ ಒಳಗೆ ಒಂದು ಯೂಸರ್, ಪಾಸ್‌ವರ್ಡ್ ಮಾಡೋಕೆ ಐದು ನಿಮಿಷ ಸಾಕು. 384 ಬಂದ್ರೆ ಆ ಬಾಕ್ಸ್ ಎಸ್‌ಎಂಬಿ 1 (ಫೈಲ್ ಶೇರಿಂಗ್‌ನ ಹಳೇ ಭಾಷೆ) ಬಿಟ್ಟು ಬೇರೇನೂ ಅರಿಯದ ಹಳೇ ಮಾಲು. 2017ರ ಮೇನಲ್ಲಿ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವನ್ನಾಕ್ರೈ ವೈರಸ್ ಹರಡಿದ್ದು ಅದೇ ಎಸ್‌ಎಂಬಿ 1ರ ತೂತಿನಿಂದ. ಫರ್ಮ್‌ವೇರ್ ಅಪ್‌ಡೇಟ್ ಇದ್ರೆ ಹಾಕಿ, ಇಲ್ಲದಿದ್ರೆ ಬಾಕ್ಸ್ ಬದಲಾಯಿಸಿ.

ಈಗ ಅಡ್ಮಿನ್ ವಿಷಯ. ವಿಂಡೋಸ್‌ನಲ್ಲಿ ಮಾಮೂಲಿ ಲಾಗಿನ್‌ಗೂ ಅಡ್ಮಿನ್ ಆಗಿ ತೆಗೆದ ಪ್ರೋಗ್ರಾಂಗೂ ಮ್ಯಾಪ್ ಆದ ಡ್ರೈವ್‌ಗಳ ಪಟ್ಟಿ ಬೇರೆ ಬೇರೆ. ಅಡ್ಮಿನ್ ಪ್ರಾಂಪ್ಟ್‌ನಲ್ಲಿ ಮ್ಯಾಪ್ ಮಾಡಿದ್ರೆ ‘ಸಕ್ಸಸ್’ ಅಂತ ಬರುತ್ತೆ, ಎಕ್ಸ್‌ಪ್ಲೋರರ್‌ನಲ್ಲಿ ಡ್ರೈವ್ ಇರಲ್ಲ. ಇದರ ತಿರುವುಮುರುವೂ ಆಗುತ್ತೆ: ಎಕ್ಸ್‌ಪ್ಲೋರರ್‌ನಲ್ಲಿ ಝೆಡ್ ಚೆನ್ನಾಗಿ ತೆಗೆಯುತ್ತೆ, ಟ್ಯಾಲಿಯನ್ನ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಮಾಡಿದ್ರೆ ಡೇಟಾ ಪಾತ್ ಸಿಗಲ್ಲ. ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ನಲ್ಲಿ ಆ ಟಿಕ್ ತೆಗೀರಿ, ಇಲ್ಲಾ ಡೇಟಾ ಪಾತ್‌ನಲ್ಲಿ ಝೆಡ್ ಬದಲು ಬ್ಯಾಕ್‌ಸ್ಲ್ಯಾಶ್‌ಗಳ ಪೂರ್ತಿ ದಾರಿ ಹಾಕಿ.

ಇನ್ನು ಬೆಳಗ್ಗೆ ಆನ್ ಮಾಡಿದ ಕೂಡಲೇ ಡ್ರೈವ್‌ಗಳು ಸಿಗಲಿಲ್ಲ ಅಂತ ಮೂಲೆಯಲ್ಲಿ ಬರೋ ಮೆಸೇಜ್. ಲಾಗಿನ್ ಆಗೋ ಹೊತ್ತಿಗೆ ವೈ-ಫೈ ಇನ್ನೂ ಎದ್ದಿರಲ್ಲ, ಅಷ್ಟೇ. ಕೇಬಲ್ ಹಾಕೋದೇ ಒಳ್ಳೇದು. ಆಗದಿದ್ರೆ ನೋಟ್‌ಪ್ಯಾಡ್‌ನಲ್ಲಿ ಎರಡು ಸಾಲು: ಟೈಮ್‌ಔಟ್ 20, ಅದರ ಕೆಳಗೆ ನೆಟ್ ಯೂಸ್ ಸಾಲು. ಬ್ಯಾಟ್ ಫೈಲ್ ಆಗಿ ಸೇವ್ ಮಾಡಿ ಸ್ಟಾರ್ಟ್‌ಅಪ್ ಫೋಲ್ಡರಿಗೆ ಹಾಕಿ. ಝೆಡ್‌ನ ಹಳೇ ಮ್ಯಾಪಿಂಗ್‌ನ ಮೊದಲೇ ಡಿಲೀಟ್ ಮಾಡಿರಬೇಕು, ಹೊಸದನ್ನ ಸ್ಲ್ಯಾಶ್ ಪರ್ಸಿಸ್ಟೆಂಟ್, ಕೋಲನ್, ನೋ ಅಂತ ಕೊಡಿ. ಇಲ್ಲದಿದ್ರೆ ಆ ಅಕ್ಷರ ಆಗಲೇ ಬಳಕೆಯಲ್ಲಿದೆ ಅಂತ 85 ಬರುತ್ತೆ. ಪಾಸ್‌ವರ್ಡನ್ನ ಮಾತ್ರ ಆ ಫೈಲಿನೊಳಗೆ ಬರೀಬೇಡಿ, ಅದರ ಜಾಗ ಕ್ರೆಡೆನ್ಷಿಯಲ್ ಮ್ಯಾನೇಜರ್.