ಸೈಕಲ್‌ಗೆ ಮೋಟಾರ್ ಹಾಕೋ ಮೊದಲು ನಿಮ್ಮೂರಿನ ಏರು ನೋಡಿ

[ದೃಶ್ಯ: ಕಾರವಾರದ ಕಡಲ ಬದಿಯ ರಸ್ತೆ. ಹಳೇ ಗೇರ್ ಸೈಕಲ್, ಹಿಂದಿನ ಚಕ್ರದಲ್ಲಿ ಮೋಟಾರ್.]

ನಮಸ್ಕಾರ. ಮನೆಯಲ್ಲಿರುವ ಸೈಕಲ್‌ಗೆ ಮೋಟಾರ್ ಕೂರಿಸಲು ಹೊರಟವರೆಲ್ಲ ಮೊದಲು ಕೇಳುವುದು ‘ಎಷ್ಟು ವ್ಯಾಟ್ ತಗೊಳ್ಳಲಿ?’ ಅಂತ. ನಾನು ತಿರುಗಿ ಕೇಳುತ್ತೇನೆ: ನಿಮ್ಮ ದಾರಿಯಲ್ಲಿ ಅತಿ ಕಡಿದಾದ ಏರು ಯಾವುದು? ಇಲ್ಲೇ ಕಾರವಾರದ ಕಡಲ ಬದಿಯಲ್ಲಿ ಕೋಡಿಬಾಗದಿಂದ ಬೈತಖೋಲಕ್ಕೆ ಹೋಗಿ ಬರುವವರಿಗೆ ಬೇಕಾದ ಮೋಟಾರೇ ಬೇರೆ, ಘಟ್ಟದ ಮೇಲಿನ ಶಿರಸಿ ಕಡೆ ತೋಟದ ಮನೆಯಿಂದ ಪೇಟೆಗೆ ಬರುವವರಿಗೆ ಬೇಕಾದದ್ದೇ ಬೇರೆ.

[ತೆರೆಯ ಮೇಲೆ ಲೆಕ್ಕ]

ನೀವು, ಸೈಕಲ್, ಕಿಟ್ (ಮೋಟಾರ್, ಬ್ಯಾಟರಿ ಸೆಟ್) ಎಲ್ಲ ಸೇರಿ 100 ಕಿಲೋ ಅಂದುಕೊಳ್ಳೋಣ. ನೂರು ಮೀಟರ್ ಹೋದರೆ ಆರು ಮೀಟರ್ ಏರುವ ರಸ್ತೆ. ಇದನ್ನು ಗಂಟೆಗೆ 15 ಕಿ.ಮೀ. ವೇಗದಲ್ಲಿ ಹತ್ತಲು ಚಕ್ರಕ್ಕೆ ಸುಮಾರು 300 ವ್ಯಾಟ್ ಬೇಕು. 10 ಕಿ.ಮೀ. ವೇಗಕ್ಕೆ ಇಳಿದರೆ 190 ಸಾಕು. ನೀವು ಆರಾಮಾಗಿ ಪೆಡಲ್ ತುಳಿದರೂ 75 ವ್ಯಾಟ್ ನಿಮ್ಮ ಕಾಲಿನಿಂದಲೇ ಬರುತ್ತದೆ. ಅಂದರೆ 250 ವ್ಯಾಟ್ ಮೋಟಾರ್ ಇಂಥ ಏರಿಗೆ ಸಾಲುತ್ತದೆ, ಅವಸರ ಮಾಡಬಾರದು ಅಷ್ಟೇ. ನಮ್ಮ ಮೋಟಾರು ವಾಹನ ನಿಯಮ ಗೆರೆ ಎಳೆದಿರುವುದೂ 250 ವ್ಯಾಟ್ ಮತ್ತು 25 ಕಿ.ಮೀ. ವೇಗಕ್ಕೆ. ಅದನ್ನು ದಾಟಿದರೆ ಕಾನೂನಿನ ಲೆಕ್ಕದಲ್ಲಿ ಅದು ಸೈಕಲ್ ಅಲ್ಲ. ಸಾವಿರ ವ್ಯಾಟ್ ಕಿಟ್ ನೋಡಿ ಬಾಯಲ್ಲಿ ನೀರು ಬರಬಹುದು. ಆದರೆ ಹಳೇ ಸೈಕಲ್‌ನ ಬ್ರೇಕ್ ಆ ವೇಗಕ್ಕೆ ಮಾಡಿದ್ದಲ್ಲ, ಅಲ್ವಾ?

ಈಗ ಮೋಟಾರ್. ಚಕ್ರದ ಮಧ್ಯೆ ಕೂರುವುದು ಹಬ್ ಮೋಟಾರ್. ಅದರಲ್ಲೇ ಎರಡು ಬಗೆ. ಗೇರ್ ಇಲ್ಲದ್ದು ದೊಡ್ಡದು, ಭಾರ. ಒಳಗೆ ಸವೆಯುವ ಭಾಗ ಕಡಿಮೆ, ಆದರೆ ಕರೆಂಟ್ ಇಲ್ಲದಾಗ ತುಳಿದರೆ ಹಿಂದಕ್ಕೆ ಎಳೆದ ಹಾಗೆ ಭಾರವಾಗುತ್ತದೆ. ಗೇರ್ ಇರುವುದು ಚಿಕ್ಕದು, ಹಗುರ, ನಿಧಾನಗತಿಯಲ್ಲೂ ಒಳ್ಳೆ ಎಳೆತ. ಕರಾವಳಿಯ ಸಪಾಟು ರಸ್ತೆ, ನಡುವೆ ಒಂದೆರಡು ಸಣ್ಣ ಏರು ಇದ್ದರೆ ಹಿಂದಿನ ಚಕ್ರಕ್ಕೆ ಗೇರ್ ಹಬ್ ಹಾಕಿ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ತಗೊಳ್ಳುವಾಗ ವ್ಯಾಟ್ ಜೊತೆ ಇನ್ನೊಂದು ಸಂಖ್ಯೆ ಕೇಳಿ: ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು. 26 ಇಂಚಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರ್‌ಗಿಂತ ತುಸು ಜಾಸ್ತಿ ಉರುಳುತ್ತದೆ. 25 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 200 ಸುತ್ತು ಸಾಕು. 328 ಆರ್‌ಪಿಎಂ ಅಂತ ಬರೆದ ಮೋಟಾರ್ ಸಪಾಟಿನಲ್ಲಿ ಓಡುತ್ತದೆ ನಿಜ. ಏರಿನಲ್ಲಿ ಅದರ ಸುತ್ತು ತೀರಾ ಇಳಿದಾಗ ಬ್ಯಾಟರಿಯ ಕರೆಂಟ್‌ನಲ್ಲಿ ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. ಘಟ್ಟದ ಊರಿಗೆ 200ರ ಆಸುಪಾಸಿನದೇ ಸರಿ.

ನೂರಕ್ಕೆ ಹತ್ತು ಮೀಟರ್ ಏರುವ ತೋಟದ ದಾರಿ ದಿನಾ ಹತ್ತಬೇಕಾ? ಆಗ ಪೆಡಲ್ ಜಾಗದಲ್ಲಿ ಕೂರುವ ಮಿಡ್ ಡ್ರೈವ್ ನೋಡಿ. ಸೈಕಲ್‌ನ ಗೇರನ್ನೇ ಅದು ಬಳಸುವುದರಿಂದ ಚಕ್ರ ನಿಧಾನ ತಿರುಗಿದರೂ ಮೋಟಾರ್ ತನ್ನ ವೇಗದಲ್ಲೇ ಇರುತ್ತದೆ. ಬೆಲೆ ಜಾಸ್ತಿ, ಚೈನ್ ಬೇಗ ಸವೆಯುತ್ತದೆ. ಒಂದೇ ಗೇರ್ ಇರುವ ಸೈಕಲ್‌ಗೆ ಹಾಕಿದರೆ ಅರ್ಧ ಪ್ರಯೋಜನ ಹೋದ ಹಾಗೆ.

[ಹತ್ತಿರದ ದೃಶ್ಯ: ಹಬ್ ಮೋಟಾರ್‌ನ ಆಕ್ಸಲ್]

ಇಲ್ಲಿ ನೋಡಿ. ಆಕ್ಸಲ್ ದುಂಡಗಿಲ್ಲ, ಎರಡು ಬದಿ ಚಪ್ಪಟೆ ಮಾಡಿದ್ದಾರೆ. ಮೋಟಾರ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆದಿರುವುದು ಫ್ರೇಮಿನ ಈ ಸಣ್ಣ ಕಚ್ಚು ಮಾತ್ರ. ಕಚ್ಚು ಅಗಲವಾಯಿತು ಅಂದರೆ ಆಕ್ಸಲ್ ಗಿರ್ರನೆ ತಿರುಗಿ, ಅದರೊಳಗಿಂದ ಬಂದ ವೈರನ್ನು ಹಿಂಡಿ ಕತ್ತರಿಸುತ್ತದೆ. ಟಾರ್ಕ್ ಆರ್ಮ್ ಅನ್ನುವ ಈ ಕಬ್ಬಿಣದ ಪಟ್ಟಿ ಇರುವುದು ಅದಕ್ಕೇ. ಅಲ್ಯೂಮಿನಿಯಂ ಮುಂದಿನ ಫೋರ್ಕ್‌ಗೆ ಹಬ್ ಮೋಟಾರ್ ಬೇಡವೇ ಬೇಡ. ಅದು ಬಾಗುವುದಿಲ್ಲ, ಮುರಿಯುತ್ತದೆ.

ಬ್ಯಾಟರಿಗೆ ಬರೋಣ. ವೋಲ್ಟ್ ಗುಣಿಸು ಆಂಪಿಯರ್-ಅವರ್, ಅದೇ ವ್ಯಾಟ್-ಅವರ್. 36 ವೋಲ್ಟ್, 10 ಆಂಪಿಯರ್-ಅವರ್ ಅಂದರೆ 360. ಪೆಡಲ್ ತುಳಿಯುತ್ತಾ ಸಪಾಟಿನಲ್ಲಿ ಹೋದರೆ ಕಿ.ಮೀ.ಗೆ ಸುಮಾರು 10 ಖರ್ಚು. ಪೂರ್ತಿ ಖಾಲಿ ಮಾಡದೆ 300 ಬಳಸಿದರೆ 30 ಕಿ.ಮೀ. ಕಾರವಾರ ಪೇಟೆ ಓಡಾಟಕ್ಕೆ ಧಾರಾಳ.

ಇದೇ ಪ್ಯಾಕ್ ಹಿಡಿದು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೊರಟರೆ? ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. 100 ಕಿಲೋ ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು 160 ವ್ಯಾಟ್-ಅವರ್. ಮೋಟಾರ್‌ನಲ್ಲಿ ಸೋರಿ ಹೋಗುವುದನ್ನು ಸೇರಿಸಿದರೆ 230. ಎತ್ತರಕ್ಕೇ ಪ್ಯಾಕಿನ ಮೂರನೇ ಎರಡು ಪಾಲು ಮುಗಿಯಿತು, ದೂರದ ಲೆಕ್ಕ ಇನ್ನೂ ಶುರುವೇ ಆಗಿಲ್ಲ!

ಅಗ್ಗ ಅಂತ ಲೆಡ್ ಆಸಿಡ್ ಬ್ಯಾಟರಿ ತರಬೇಡಿ. 12 ವೋಲ್ಟ್, 7 ಆಂಪಿಯರ್-ಅವರ್‌ನ ಮೂರು ಸೇರಿದರೆ ಆರೇಳು ಕಿಲೋ ಭಾರ. ಜೋರಾಗಿ ಕರೆಂಟ್ ಎಳೆದರೆ ಬರೆದಷ್ಟು ಕೊಡುವುದೂ ಇಲ್ಲ. ಲಿಥಿಯಂನಲ್ಲಿ ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆ) ಹಗುರ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್ ಬಗೆ) ಭಾರ, ಆದರೆ ಬಿಸಿ ತಡೆಯುತ್ತದೆ, ಬಾಳಿಕೆಯೂ ಜಾಸ್ತಿ. ನನ್ನ ಓಟು ಎಲ್‌ಎಫ್‌ಪಿಗೆ. ಎರಡರ ಚಾರ್ಜರ್ ಮಾತ್ರ ಅದಲು ಬದಲು ಮಾಡಬಾರದು. 36 ವೋಲ್ಟ್‌ನ ಎನ್‌ಎಂಸಿ 42 ವೋಲ್ಟ್‌ಗೆ ತುಂಬುತ್ತದೆ, 12 ಸೆಲ್ ಸಾಲಿನ ಎಲ್‌ಎಫ್‌ಪಿ 43.8ಕ್ಕೆ. ಪ್ಯಾಕಿನೊಳಗೆ ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್, ಅಂದರೆ ಬಿಎಂಎಸ್, ಎಷ್ಟು ಆಂಪಿಯರ್ ತಾಳುತ್ತದೆ ಅನ್ನುವುದನ್ನೂ ಕೇಳಿ. ಮೋಟಾರ್‌ಗೆ ಕರೆಂಟ್ ಅಳೆದು ಬಿಡುವ ಕಂಟ್ರೋಲರ್ 15 ಆಂಪಿಯರ್ ಎಳೆಯುವುದಾದರೆ ಬಿಎಂಎಸ್ 20ರದ್ದು ಇರಲಿ. ಇಲ್ಲದಿದ್ದರೆ ಏರಿನ ನಡುವೆಯೇ ಪಟ್ ಅಂತ ಕರೆಂಟ್ ಕಡಿದುಕೊಳ್ಳುತ್ತದೆ.

[ದೃಶ್ಯ: ಹಸಿರು ಪುಡಿ ಕೂತ ತಾಮ್ರದ ಕನೆಕ್ಟರ್]

ಇದು ನಮ್ಮ ಉಪ್ಪು ಗಾಳಿಯ ಕೆಲಸ. ಕನೆಕ್ಟರ್‌ಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ, ನೀರು ತಡೆಯುವ ಗ್ರೀಸ್) ಹಚ್ಚಿ. ವೈರ್ ಪೆಟ್ಟಿಗೆಯೊಳಗೆ ಹೋಗುವ ಮುಂಚೆ ಕೆಳಗೊಮ್ಮೆ ಜೋತು ಬಿದ್ದು ಮೇಲಕ್ಕೆ ಹೋಗಲಿ, ಮಳೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಜೂನ್‌ನಲ್ಲಿ ಸೈಕಲ್ ಮೂಲೆಗೆ ಸೇರುವುದಾದರೆ ಬ್ಯಾಟರಿ ಬಿಚ್ಚಿ, ಅರ್ಧ ಚಾರ್ಜ್ ಉಳಿಸಿ, ಒಣ ಜಾಗದಲ್ಲಿಡಿ. ತಿಂಗಳಿಗೊಮ್ಮೆ ವೋಲ್ಟ್ ನೋಡಿ.