ಎರಡನೇ ನಂಬರ್ ಚೀಲ

ಎಲ್ಲರಿಗೂ ನಮಸ್ಕಾರ.

ಪ್ರಿನ್ಸಿಪಾಲ್ ಸರ್ ಆಗಲೇ ಎರಡು ಸಲ ಆ ಮೂಲೆಯ ಕ್ಯಾನ್ ಕಡೆ ನೋಡಿದರು. ಹೆದರಬೇಡಿ ಸರ್, ಅದರಲ್ಲಿರುವುದು ದ್ರವ ಸಾರಜನಕ. ಪಶು ಆಸ್ಪತ್ರೆಯಲ್ಲೂ ಇಂಥದ್ದೇ ಕ್ಯಾನ್ ಇರುತ್ತದೆ, ಹಸುಗಳಿಗೆ ಕೊಡುವ ವೀರ್ಯದ ನಳಿಕೆಗಳನ್ನು ಅದರಲ್ಲೇ ಮುಳುಗಿಸಿ ಇಡುತ್ತಾರೆ. ಇವತ್ತು ಅದು ಕಂಪ್ಯೂಟರಿನ ಮಿದುಳಾದ ಒಂದು ಪ್ರೊಸೆಸರ್ ಚಿಪ್ಪಿನ ತಲೆ ಮೇಲೆ ಬೀಳುತ್ತದೆ, ಅಷ್ಟೇ.

ನಾನು ಐದು ವಿಷಯ ಗುರುತು ಹಾಕಿಕೊಂಡು ಬಂದಿದ್ದೇನೆ. ಆದರೆ ಡೆಮೋ ಹುಡುಗರು ಅವಸರಪಟ್ಟು ಫ್ಲಾಸ್ಕ್ ತುಂಬಿಸಿಬಿಟ್ಟಿದ್ದಾರೆ. ನಾನು ಮಾತಾಡಿದಷ್ಟೂ ಅದು ಆವಿ. ನೋಡೋಣ.

ನಿಮ್ಮ ಪೋಸ್ಟರ್ ನೋಡಿ ಯಾರೋ ಕೇಳಿದರಂತೆ, ‘ಓವರ್‌ಕ್ಲಾಕ್ ಮಾಡಿ ಏನು ಉಪಯೋಗ?’ ಅಂತ. ಓವರ್‌ಕ್ಲಾಕ್ ಅಂದರೆ ಕಂಪನಿ ಹೇಳಿದ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಚಿಪ್ ಓಡಿಸುವುದು. ಪ್ರಶ್ನೆ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಇದಕ್ಕಿಂತ ಒಳ್ಳೆ ಪ್ರಶ್ನೆಯನ್ನು ನಮ್ಮಪ್ಪ ಕೇಳಿದ್ದರು.

1999ರ ಏಪ್ರಿಲ್. ಬೆಂಗಳೂರಿನಲ್ಲಿ ತಾರಸಿ ಮೇಲಿನ ಒಂದು ಶೀಟಿನ ರೂಮು, ನಾವು ನಾಲ್ವರು. ದುಡ್ಡು ಸೇರಿಸಿ ಎಸ್‌.ಪಿ. ರೋಡಿನಿಂದ ಸೆಲೆರಾನ್ 300ಎ ಅನ್ನುವ ಇಂಟೆಲ್ ಕಂಪನಿಯ ಅಗ್ಗದ ಚಿಪ್ ತಂದೆವು. ಹಿಂದೆ ಕೂತಿರುವ ಮೇಷ್ಟ್ರು ಹೆಸರು ಕೇಳಿದ ಕೂಡಲೇ ನಕ್ಕರು ನೋಡಿ, ಅವರ ವಯಸ್ಸು ಗೊತ್ತಾಗಿಹೋಯಿತು!

ಅದು 300 ಮೆಗಾಹರ್ಟ್ಸ್ ಚಿಪ್, ಅಂದರೆ ಸೆಕೆಂಡಿಗೆ 30 ಕೋಟಿ ಟಿಕ್. ಚಿಪ್ ಕೂರುವ ಬೋರ್ಡಿನ ಬಸ್, ಅಂದರೆ ಚಿಪ್ಪಿಗೆ ಮಾಹಿತಿ ಸಾಗುವ ದಾರಿ, ಅದರ ವೇಗ 66. ಚಿಪ್ಪಿನದು ಅದರ ನಾಲ್ಕೂವರೆ ಪಟ್ಟು. ಆ ನಾಲ್ಕೂವರೆಗೆ ಇಂಟೆಲ್ ಬೀಗ ಹಾಕಿತ್ತು. ಬಸ್ಸಿಗೆ ಹಾಕಿರಲಿಲ್ಲ. 66ನ್ನು 100 ಮಾಡಿದರೆ? 450. ಇಂಟೆಲ್‌ನದೇ ದುಬಾರಿ ಚಿಪ್ ಪೆಂಟಿಯಂ 2ರಲ್ಲಿ ಆ ವೇಗದ್ದು ಬೇಕೆಂದರೆ ನಾವು ನಾಲ್ವರಲ್ಲ, ಇಡೀ ಬೀದಿ ದುಡ್ಡು ಸೇರಿಸಬೇಕಿತ್ತು.

ನಮ್ಮ ಬೋರ್ಡಿನಲ್ಲಿ ಬಸ್ ಬದಲಿಸುವ ಸೆಟ್ಟಿಂಗ್ ಇರಲಿಲ್ಲ. ಅದಕ್ಕೂ ದಾರಿ ಇತ್ತು. ಸ್ಲಾಟಿಗೆ ಹೋಗುವ ಅಂಚಿನಲ್ಲಿ ಬಿ21 ಅನ್ನುವ ಪಿನ್ ಇದೆ. ಅದನ್ನು ಟೇಪಿನಿಂದ ಮುಚ್ಚಿದರೆ, ಬಂದಿರುವುದು 100ರ ಚಿಪ್ ಅಂತ ಬೋರ್ಡ್ ನಂಬಿಬಿಡುತ್ತದೆ. ಸೆಲ್ಲೋಟೇಪನ್ನು ಬ್ಲೇಡಿನಿಂದ ಕೂದಲೆಳೆಯಷ್ಟು ಸೀಳಿದೆವು. ಅಂಟಿಸಲು ಚಿಮಟ ಪಕ್ಕದ ಮನೆ ಅಕ್ಕನದು. ಮೊದಲ ಸಲ ಸ್ಲಾಟಿಗೆ ತಳ್ಳುವಾಗ ಟೇಪ್ ಸುಕ್ಕಾಯಿತು. ಎರಡನೇ ಸಲ ಪಕ್ಕದ ಪಿನ್ನೂ ಮುಚ್ಚಿಹೋಗಿ ಸ್ಕ್ರೀನ್ ಕಪ್ಪು. ಅಕ್ಕ ಬಂದು ಚಿಮಟ ವಾಪಸ್ ಕೇಳಿದರು. ‘ಇನ್ನೊಂದೇ ಸಲ ಅಕ್ಕ’ ಅಂದೆವು. ಮೂರನೇ ಸಲ ಸ್ಕ್ರೀನ್ ಮೇಲೆ 450 ಅಂತ ಬಂತು. ನಾಲ್ವರೂ ಕಿರುಚಿದ್ದಕ್ಕೆ ಕೆಳಗಿನ ಮನೆ ಓನರ್ ಮೇಲೆ ಬಂದರು, ಅದು ಬೇರೆ ಕಥೆ.

ಹತ್ತು ನಿಮಿಷಕ್ಕೆ ನೀಲಿ ಪರದೆ, ಕಂಪ್ಯೂಟರ್ ಕೈಕೊಟ್ಟಿತು. ಬಿಸಿ. ಕ್ಯಾಬಿನೆಟ್ ಬಿಚ್ಚಿ, ಇದ್ದ ಒಂದೇ ಟೇಬಲ್ ಫ್ಯಾನನ್ನು ಅದರ ಎದುರು ಇಟ್ಟೆವು. ನಾವು ಹೊರಗೆ ತಾರಸಿಯಲ್ಲಿ ಚಾಪೆ ಹಾಸಿದೆವು.

ಆ ವಾರವೇ ಅಪ್ಪ ತಿಪಟೂರಿನಿಂದ ಬಂದರು. ಕೊಬ್ಬರಿ ವ್ಯಾಪಾರದವರು. ‘ಏನ್ಲಾ ಇದು, ಫ್ಯಾನು ನಿಂಗೋ ಪೆಟ್ಟಿಗೇಗೋ?’ ಅಂದರು. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಅಷ್ಟು ಜಾಸ್ತಿ ಓಡೋ ಮಾಲ್ನ ಇಷ್ಟು ಕಮ್ಮಿಗೆ ಯಾಕೆ ಮಾರ್ತಾನೆ? ಅವ್ನೇನು ಪೆದ್ದನಾ?’

ನೋಡಿ, ಪ್ರಶ್ನೆ ಅಂದರೆ ಇದು.

ಒಂದು ಸಿಲಿಕಾನ್ ಬಿಲ್ಲೆಯಿಂದ ನೂರಾರು ಚಿಪ್ ಕತ್ತರಿಸುತ್ತಾರೆ. ಪರೀಕ್ಷೆ ಮಾಡಿ ವೇಗದ ಪ್ರಕಾರ ಬೇರೆ ಮಾಡುತ್ತಾರೆ. ತಯಾರಿಕೆ ಹದಕ್ಕೆ ಬಂದ ಮೇಲೆ ಬಹುಪಾಲು ಚಿಪ್‌ಗಳು ಒಳ್ಳೆಯವೇ ಆಗುತ್ತವೆ. ಆದರೆ ಜನ ಕೇಳುವುದು ಅಗ್ಗದ್ದನ್ನು. ಹಾಗಾಗಿ ಒಳ್ಳೆಯದರ ಮೇಲೂ 300 ಅಂತ ಅಚ್ಚು ಬೀಳುತ್ತದೆ. ನಾನು ಇದನ್ನೆಲ್ಲ ಉದ್ದಕ್ಕೆ ವಿವರಿಸಿದೆ. ಅಪ್ಪ, ‘ಅಂಗನ್ನು, ಮೊದಲ್ನೇ ನಂಬರ್ ಮಾಲ್ನೇ ಎರಡ್ನೇ ನಂಬರ್ ಚೀಲಕ್ಕೆ ತುಂಬವ್ನೆ’ ಅಂದು ಊಟಕ್ಕೆ ಎದ್ದರು.

ಅದಕ್ಕೇ ನಾನು ಹೇಳುವುದು: ಡಬ್ಬದ ಮೇಲಿನ ಅಂಕಿ ಕಂಪನಿಯ ಮಾತು. ಇಷ್ಟು ಓಡದಿದ್ದರೆ ವಾಪಸ್ ತನ್ನಿ ಅನ್ನುವ ಗ್ಯಾರಂಟಿ. ಎಲ್ಲಿ ನಿಲ್ಲುತ್ತದೆ ಅಂತ ತಿಳಿಯಬೇಕಾದರೆ ಚಿಪ್ಪನ್ನೇ ಕೇಳಬೇಕು.

ಕೇಳುವುದು ಹೇಗೆ? ವೋಲ್ಟೇಜ್ ಏರಿಸಿ. ಆದರೆ ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜ್ ಶೇ. 10 ಏರಿದರೆ ಬಿಸಿ ಶೇ. 21. ಮೇಲಿಂದ ವೇಗದ್ದು ಬೇರೆ. ಫ್ಯಾನ್ ಸಾಲದು, ನೀರು ಸಾಲದು, ಕೊನೆಗೆ ಈ ಕ್ಯಾನ್. ಇದು ಕುದಿಯುವುದೇ ಮೈನಸ್ 196 ಡಿಗ್ರಿಯಲ್ಲಿ. ಚಿಪ್ ಮೇಲೆ ತಾಮ್ರದ ಪಾತ್ರೆ ಕೂರಿಸಿ ಅದಕ್ಕೆ ಸುರಿಯುತ್ತಾರೆ. ಮೊದಲ ಹನಿಗಳನ್ನು ಗಮನಿಸಿ. ಕಾದ ದೋಸೆ ಕಾವಲಿ ಮೇಲೆ ನೀರು ಚಿಮುಕಿಸಿದರೆ ಗುಂಡಗೆ ಓಡಾಡುತ್ತಲ್ವಾ, ಹಾಗೇ ಓಡಾಡುತ್ತವೆ. ನಮ್ಮ ಈ ರೂಮಿನ ಸೆಕೆಯೇ ಸಾರಜನಕಕ್ಕೆ ಕಾದ ಕಾವಲಿ.

ಇಷ್ಟು ತಂಪಾದರೆ ಗಾಳಿಯ ತೇವ ಹಿಮವಾಗಿ ಬೋರ್ಡ್ ಮೇಲೆ ಕೂರುತ್ತದೆ. ಅದಕ್ಕೇ ಆ ಬೋರ್ಡಿಗೆ ಮದುವೆ ಹೆಣ್ಣಿಗೆ ಅರಿಶಿನ ಹಚ್ಚಿದ ಹಾಗೆ ವ್ಯಾಸಲೀನ್ ಹಚ್ಚಿದ್ದಾರೆ. ತಮಾಷೆ ಏನೆಂದರೆ, ಕೆಲವು ಚಿಪ್ ತೀರಾ ತಂಪಾದರೆ ಮುಷ್ಕರ ಹೂಡುತ್ತವೆ. ಅದಕ್ಕೆ ಕೋಲ್ಡ್ ಬಗ್ ಅನ್ನುತ್ತಾರೆ. ಆಗ ಒಂದು ಕೈಯಲ್ಲಿ ಫ್ಲಾಸ್ಕ್, ಇನ್ನೊಂದು ಕೈಯಲ್ಲಿ ಬ್ಲೋ ಟಾರ್ಚ್!

2011ರ ಆಗಸ್ಟ್ 31ರಂದು ಅಮೆರಿಕದ ಆಸ್ಟಿನ್‌ನಲ್ಲಿ ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ ಕಂಪನಿಯವರು ಸಾರಜನಕವೂ ಸಾಲದೆ ದ್ರವ ಹೀಲಿಯಂ ಸುರಿದರು. ಅದು ಮೈನಸ್ 269. ಚಿಪ್ಪಿನೊಳಗೆ ಲೆಕ್ಕ ಮಾಡುವ ಎಂಟು ಕೋರ್‌ಗಳಲ್ಲಿ ಆರನ್ನು ಮಲಗಿಸಿ 8.429 ಗಿಗಾಹರ್ಟ್ಸ್, ಅಂದರೆ 8,429 ಮೆಗಾಹರ್ಟ್ಸ್ ಮುಟ್ಟಿಸಿದರು. ಗಿನ್ನೆಸ್ ದಾಖಲೆ. ಡಬ್ಬದ ಮೇಲೆ ಎಷ್ಟಿತ್ತು ಗೊತ್ತಾ? 3.6. ನಾನು ಹೇಳಲಿಲ್ಲವಾ?

ಓಡಿತು ಅಂದರೆ ಸಾಲದು, ಲೆಕ್ಕ ಸರಿ ಬರಬೇಕು. ಅದಕ್ಕೆ ಸೂಪರ್ ಪೈ ಅಂತ ಹಳೇ ಪ್ರೋಗ್ರಾಂ ಇದೆ. ಅದರ ಮೂಲ ಟೋಕಿಯೊ ವಿಶ್ವವಿದ್ಯಾಲಯದ ಕನಡ ಯಸುಮಾಸ ಅವರ ಪ್ರಯೋಗಾಲಯ. ಕನ್ನಡ ಅಲ್ಲ, ಕನಡ, ಒತ್ತಕ್ಷರ ಇಲ್ಲ. ಖುಷಿಪಡಬೇಡಿ. 1995ರಲ್ಲಿ ಅವರು ಪೈಯನ್ನು 429 ಕೋಟಿ ಅಂಕಿಗಳವರೆಗೆ ಲೆಕ್ಕ ಹಾಕಿದರು. ನಮ್ಮ ಹುಡುಗರು ಇವತ್ತು ಹತ್ತು ಲಕ್ಷ ಚಿಲ್ಲರೆಗೆ ನಿಲ್ಲಿಸುತ್ತಾರೆ. ವೇಗ ಅತಿಯಾಗಿ ಚಿಪ್ ಲೆಕ್ಕ ತಪ್ಪಿದರೆ ಪ್ರೋಗ್ರಾಂ ಅಲ್ಲೇ ಹಿಡಿದು ನಿಲ್ಲಿಸುತ್ತದೆ. 450ರಲ್ಲಿ ನಮ್ಮದು ಆ ಫ್ಯಾನ್ ಇಟ್ಟ ಮೇಲೆಯೇ ಪಾಸಾಗಿದ್ದು.

ಚೀಟಿ ಬಂತು. ಹತ್ತು ನಿಮಿಷ ಅಂತಿದೆಯಾ? ಇಲ್ಲ, ಎರಡು. ಸರಿ, ನಾಲ್ಕನೇ ವಿಷಯ ಪೆನ್ಸಿಲ್ ಗೆರೆ ಎಳೆದು ಎಎಂಡಿ ಚಿಪ್ಪಿನ ಬೀಗ ತೆಗೆದದ್ದು. ಅದು ಊಟದ ಹೊತ್ತಿಗೆ ಇರಲಿ. ಐದನೆಯದನ್ನು ಮಾತ್ರ ಹೇಳಿಬಿಡುತ್ತೇನೆ. 9 ಗಿಗಾಹರ್ಟ್ಸ್ ದಾಟಲು 2022ರವರೆಗೆ ಕಾಯಬೇಕಾಯಿತು, ಅದೂ ಹೀಲಿಯಂನಲ್ಲೇ. ಹನ್ನೊಂದು ವರ್ಷಕ್ಕೆ ಅರ್ಧ ಗಿಗಾಹರ್ಟ್ಸ್ ಚಿಲ್ಲರೆ. ಆ ವೇಗದಲ್ಲಿ ಒಂದು ಟಿಕ್ ಮುಗಿಯುವಷ್ಟರಲ್ಲಿ ಬೆಳಕೇ ಹೋಗುವುದು 3.3 ಸೆಂಟಿಮೀಟರ್. ಇಗೋ, ನನ್ನ ಹೆಬ್ಬೆರಳ ಉದ್ದಕ್ಕೂ ಸಾಲದು. ಚಿಪ್ಪಿನ ಸಂಕೇತ ಬೆಳಕನ್ನು ಮೀರುವಂತಿಲ್ಲ, ಹಾಗಾಗಿ ಇಲ್ಲಿ ಮಾತ್ರ ಕಂಪನಿ ಯಾವ ಚೀಲಕ್ಕೆ ತುಂಬಿದರೂ ಒಂದೇ.

ಮುಂದಿನ ಎರಡು ಸಾಲಿನವರು ಎದ್ದು ಹಿಂದೆ ಹೋಗಿ. ಕಿಟಕಿ ಎಲ್ಲ ತೆಗೆಯಿರಿ, ಸಾರಜನಕ ಆವಿಯಾಗಿ ತುಂಬಿಕೊಂಡರೆ ಆಮ್ಲಜನಕ ಕಡಿಮೆಯಾಗುತ್ತದೆ. ಸರ್, ಬ್ಲೋ ಟಾರ್ಚ್ ನೀವು ಹಿಡಿಯುತ್ತೀರಾ? ಬೇಡ್ವಾ? ಸರಿ. ಏ ತಮ್ಮಾ, ಆ ಖಾಲಿ ಡಬ್ಬ ಎತ್ತಿ ತೋರಿಸು. ಅದರ ಮೇಲೆ ಎಷ್ಟು ಅಂತಿದೆ, ಎಲ್ಲರಿಗೂ ಕೇಳುವ ಹಾಗೆ ಓದು. ಆಯ್ತಾ? ಹ್ಞಾ, ಈಗ ಸುರಿ.